ಖಡಕ್ ರೊಟ್ಟಿಯ ಗಾಡಿಗೆ ಟೈರು

ಪಿಕಪ್ ಗಾಡಿಯಲ್ಲಿ ಜನ ಏನೇನೋ ಹೇರುತ್ತಾರೆ. ಉಸುಕು, ಸಿಮೆಂಟು, ಕಬ್ಬಿಣದ ಸರಳು, ಮದುವೆಯ ಸಾಮಾನು, ಕೆಲವೊಮ್ಮೆ ಮದುವೆಗೆ ಹೊರಟ ಬೀಗರನ್ನೂ. ಆದರೆ ಜೋಳದ ಖಡಕ್ ರೊಟ್ಟಿ ಹೇರುವುದಕ್ಕೆಂದೇ ಪಿಕಪ್ ಕೊಂಡವಳು ಇಡೀ ಹೈದರಾಬಾದಿನಲ್ಲಿ ಹಂಪಮ್ಮ ಒಬ್ಬಳೇ ಇರಬೇಕು. ಕೇಳಿ ನಕ್ಕವರಿಗೆ ಅವಳು, "ನಗ್ರಿ, ನಕ್ಕರ ಹಸಿವು ಹೆಚ್ಚಾಕ್ಕತಿ. ಆಮ್ಯಾಲ ನನ್ನ ಹತ್ರಾನ ಬರ್ತೀರಿ" ಎನ್ನುತ್ತಿದ್ದಳು. ಸೋಮವಾರದ ತನಕ ಆ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಸೋಮವಾರ ಆದದ್ದು ಇಷ್ಟು. ಗಚ್ಚಿಬೌಲಿಯಲ್ಲಿ ಆಗ ದಿನಕ್ಕೊಂದು ಕಂಪನಿಯ ಕಟ್ಟಡ ಏಳುತ್ತಿತ್ತು. ಅಂಥದೊಂದು ಕಟ್ಟಡದ ಬುನಾದಿಯಲ್ಲಿ ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯ ನಾನೂರು ಜನ ದುಡಿಯುತ್ತಿದ್ದರು. ಕ್ಯಾಂಟೀನಿನ ಅನ್ನ ಉಂಡು ಉಂಡು ಬೇಸತ್ತ ಅವರು, "ಮೂರು ತಾಸಿಗೆ ಹೊಟ್ಟಿ ಖಾಲಿ ಆಕ್ಕತಿ" ಎಂದು ತಮ್ಮ ಮೇಸ್ತ್ರಿಯಾದ ಮುಕದ್ದಮ ತಾಯಪ್ಪನಿಗೆ ಗಂಟುಬಿದ್ದರು. ತಾಯಪ್ಪ ದೇವದುರ್ಗದ ಕಡೆಯ ಮನುಷ್ಯ, ರೊಟ್ಟಿಯ ಬೆಲೆ ಬಲ್ಲವನು. ಉಪ್ಪಲ್‌ನಲ್ಲಿ ಹಂಪಮ್ಮನ ರೊಟ್ಟಿಮನೆ ಇರುವುದನ್ನು ಕೇಳಿ, ಮಧ್ಯಾಹ್ನಕ್ಕೆ ಸಾವಿರದ ಇನ್ನೂರು ರೊಟ್ಟಿ ತಂದುಕೊಡುತ್ತೀಯಾ ಎಂದು ಹೇಳಿಕಳಿಸಿದ. ಹಂಪಮ್ಮ ಹೂಂ ಎಂದಳು, ಅದಕ್ಕಾಗಿಯೇ ಹಳೆಯ ಪಿಕಪ್ ಕೊಂಡಳು. ಗಾಡಿ ಮಾರಿದವನು ಅದರಲ್ಲಿ ವರ್ಷಗಟ್ಟಲೆ ಉಸುಕು ಹೊಡೆದಿದ್ದ. ನಾಲ್ಕೂ ಟೈರು ಬೋಳುತಲೆಯಂತೆ ನುಣ್ಣಗಾಗಿದ್ದವು. ಡಾಂಬರು ರಸ್ತೆ ಮುಗಿದು ಕಟ್ಟಡದ ಹಾದಿ ಶುರುವಾದ ಕೂಡಲೇ ಗಾಡಿ ಕೆಸರಿನಲ್ಲಿ ಜಾರಿತು, ಕಲ್ಲಿನ ಮೇಲೆ ಕುಪ್ಪಳಿಸಿತು. ಒಂದೂವರೆಗೆ ತಲುಪಿ ಬುಟ್ಟಿ ಬಿಚ್ಚಿ ನೋಡಿದರೆ ಮೂರರಲ್ಲಿ ಒಂದು ರೊಟ್ಟಿ ಮುರಕ.

ಮುರಿದರೇನಾಯಿತು, ಹೊಟ್ಟೆಯಲ್ಲಿ ಹೇಗೂ ಮುರಿಯುವುದೇ ಅಲ್ಲವೇ ಎಂದು ಪೇಟೆಯವರು ಕೇಳಿಯಾರು. ಕೆಲಸದ ಜಾಗದಲ್ಲಿ ನಾನೂರು ತಾಟು ಎಲ್ಲಿಂದ ಬರಬೇಕು? ಹೊಲದಲ್ಲಿ ಉಂಡು ರೂಢಿಯಾದವರು ರೊಟ್ಟಿಯನ್ನೇ ತಾಟು ಮಾಡಿಕೊಳ್ಳುತ್ತಾರೆ. ಎಡ ಅಂಗೈ ಮೇಲೆ ಇಡೀ ರೊಟ್ಟಿಯೊಂದನ್ನು ಇಟ್ಟುಕೊಂಡು, ಅದರ ಮೇಲೆ ಪುಂಡಿಪಲ್ಯ, ಮಗ್ಗುಲಿಗೆ ಶೇಂಗಾ ಚಟ್ನಿಪುಡಿಯ ಹಿಂಡಿ ಹಾಕಿಸಿಕೊಳ್ಳುವುದು. ಉಳಿದ ಎರಡನ್ನು ಮುರಿದುಕೊಂಡು ಉಂಡು, ಕೊನೆಗೆ ತಾಟನ್ನೂ ತಿಂದು, ಕೈ ಝಾಡಿಸಿಕೊಂಡು ಏಳುವುದು. ತಾಟೇ ಒಡೆದು ಬಂದರೆ ಪಲ್ಯ ಎಲ್ಲಿ ಹಾಕಿಸಿಕೊಳ್ಳಬೇಕು, ತಲೆಯ ಮೇಲೆಯೇ?

ತಾಯಪ್ಪ ಒಳ್ಳೆಯವನು, ಬೈಯಲಿಲ್ಲ. "ರುಚಿಗೆ ಹೆಸರಿಡಂಗಿಲ್ಲ ಹಂಪವ್ವ. ಆದ್ರ ನಾನೂರು ಮಂದಿ ನನ್ನ ಮಾರಿ ನೋಡಾಕತ್ತಾರ. ಶುಕ್ರವಾರ ಇನ್ನೊಂದ್ಸಲ ತಗೊಂಡು ಬಾ. ಹನ್ನೆರಡರೊಳಗ ಬರಬೇಕು, ಇಡೀ ರೊಟ್ಟಿ ಬರಬೇಕು. ಇಲ್ಲಂದ್ರ ಆ ಅನ್ನದ ಕ್ಯಾಂಟೀನಿನವಗ ಮತ್ತ ಹೇಳಿಬಿಡತೀನಿ, ಬ್ಯಾಸರ ಮಾಡಕೋಬ್ಯಾಡ" ಎಂದ.

ಹಂಪಮ್ಮ ಬೇಸರ ಮಾಡಿಕೊಳ್ಳಲಿಲ್ಲ, ಆದರೆ ಹೆದರಿದಳು. ಅವಳ ರೊಟ್ಟಿಮನೆಯಲ್ಲಿ ಎಂಟು ಹೆಂಗಸರಿದ್ದರು. ಎಲ್ಲರೂ ಅವಳ ಮಾತು ನಂಬಿ ಕಟ್ಟಡದ ಕೂಲಿ ಬಿಟ್ಟು ಬಂದವರು. ಅವರಲ್ಲಿ ಹಿರಿಯಳು ಗದಿಗೆಮ್ಮ. ಸಂಬಂಧದಲ್ಲಿ ಚಿಕ್ಕಮ್ಮನಾಗಬೇಕಾದ ಆಕೆ ಇಪ್ಪತ್ತೆರಡು ವರ್ಷ ಈ ಊರಿನ ಮಹಡಿಗಳಿಗೆ ಕಾಂಕ್ರೀಟು ಹೊತ್ತು ಹತ್ತಿ, ಮೊಣಕಾಲು ಎರಡನ್ನೂ ಸವೆಸಿಕೊಂಡಿದ್ದಳು. "ಚಿಗವ್ವ, ಇನ್ನ ನಿನ್ನ ತಲಿ ಮ್ಯಾಲ ಬುಟ್ಟಿ ಬ್ಯಾಡ" ಎಂದು ಕೈಹಿಡಿದು ಕರೆತಂದವಳು ಹಂಪಮ್ಮ. ಉಪ್ಪಲ್‌ನ ಚಿಲ್ಲರೆ ಗಿರಾಕಿಗಳಿಗೆ ರೊಟ್ಟಿ ಬಡಿಯಲು ಮೂವರು ಸಾಕು. ಗಚ್ಚಿಬೌಲಿ ಕೈತಪ್ಪಿದರೆ ಉಳಿದ ಐವರು ಮತ್ತೆ ಬುಟ್ಟಿ ಹೊರಬೇಕು. ನಾ ಹೋಗತೀನಿ ಬಿಡು ಎಂದು ಮೊದಲು ಏಳುವವಳು ಗದಿಗೆಮ್ಮನೇ.

ಹೆದರಿಕೆಯಾಯಿತೆಂದು ಕೂರುವ ಜಾತಿಯಲ್ಲ ಹಂಪಮ್ಮನದು. ಬುಧವಾರ ಬೆಳಿಗ್ಗೆ ಮೂರು ಬುಟ್ಟಿಯಲ್ಲಿ ಮೂವತ್ತು ಮೂವತ್ತರಂತೆ ರೊಟ್ಟಿ ಜೋಡಿಸಿ ಗಾಡಿಯಲ್ಲಿಟ್ಟು, ಅಬಿಡ್ಸ್ ಹಿಂದಿನ ಗಲ್ಲಿಯ ಟೈರಿನ ಅಂಗಡಿಗೆ ಹೊರಟಳು. ಓಡಿಸುವವನು ಅವಳ ತಮ್ಮ ಹುಲಗೇಶ. ಇವನು ತುಂಗಭದ್ರೆಯ ದಂಡೆಯಲ್ಲಿ ಆರು ವರ್ಷ ಉಸುಕಿನ ಲಾರಿ ಓಡಿಸಿದವನು. ಅವನ ಕಣ್ಣಿಗೆ ನಾಲ್ಕು ಚಕ್ರದ್ದೆಲ್ಲ ಉಸುಕಿನ ಲಾರಿಯೇ, ಹೇರಿದ್ದೆಲ್ಲ ಉಸುಕೇ.

"ರೊಟ್ಟಿ ಯಾಕ ಯಕ್ಕಾ? ಟೈರಿನಂವ ಉಪವಾಸ ಅದಾನೇನು?" ಎಂದು ಕೇಳಿದ.

"ಸುಮ್ನ ಓಡಸು" ಎಂದಳು ಅಕ್ಕ.

ಅಂಗಡಿಯ ವೈಜನಾಥ ಭಾಲ್ಕಿಯ ಕಡೆಯವನು. ಮೂವತ್ತು ವರ್ಷದಿಂದ ಟೈರು ಮಾರಿ ಮಾರಿ, ಗಾಡಿಯ ಸದ್ದು ಕೇಳಿಯೇ ಅದರ ಕಾಲಿನ ರೋಗ ಹೇಳಬಲ್ಲವನಾಗಿದ್ದ. ಕನ್ನಡದ ಗಿರಾಕಿ ಬಂದರೆ ಅವನಿಗೆ ಖುಷಿ, ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಚಹಾ ಬಂತು. ವೈಜನಾಥ ಗಾಡಿಯ ಸುತ್ತ ಬಂದು, ಹಳೆಯ ಟೈರಿನ ಮೇಲೆ ಅಂಗೈ ಆಡಿಸಿದ.

"ನಟ್ಟನಡುವ ಸವದಾವ ನೋಡ್ರಿ. ಗಾಳಿ ಸಿಕ್ಕಾಪಟ್ಟಿ ತುಂಬಿ ಓಡಿಸ್ಯಾರ. ಇರ್ಲಿ, ಇವು ಹೋಗೋವು. ಈಗ ಎಷ್ಟು ಟನ್ ಹೇರ್ತೀರಿ ಹೇಳ್ರಿ."

"ಟನ್ ಇಲ್ರಿ ಅಣ್ಣಾರ. ರೊಟ್ಟಿ."

"ರೊಟ್ಟಿ?"

"ಖಡಕ್ ರೊಟ್ಟಿ, ಸಾವಿರದ ಇನ್ನೂರು. ಪಲ್ಯ, ಹಿಂಡಿ, ನಾವು ಮೂರು ಮಂದಿ, ಎಲ್ಲಾ ಸೇರಿದ್ರ ಮೂರು ಕ್ವಿಂಟಲ್ ದಾಟಂಗಿಲ್ಲ."

ವೈಜನಾಥ ಹುಲಗೇಶನ ಮುಖ ನೋಡಿದ. ಹುಲಗೇಶ ಆಕಾಶ ನೋಡಿದ.

ಹಂಪಮ್ಮ ಹಾದಿಯನ್ನು ವಿವರಿಸಿದಳು. ಉಪ್ಪಲ್‌ನಿಂದ ಊರೆಲ್ಲ ದಾಟಿ ಗಚ್ಚಿಬೌಲಿಗೆ ಮೂವತ್ತು ಕಿಲೋಮೀಟರು ಡಾಂಬರು. ಕೊನೆಯ ಒಂದು ಕಿಲೋಮೀಟರಿಗೆ ಹಾದಿ ಎಂಬುದೇ ಇಲ್ಲ, ಬಂಡೆ ಸಿಡಿಸಿದ ಕಲ್ಲು ಮತ್ತು ಕೆಸರು. ವೈಜನಾಥ ಒಳಗಿನಿಂದ ಮೂರು ಟೈರು ಉರುಳಿಸಿಕೊಂಡು ಬಂದು ಗೋಡೆಗೆ ಒರಗಿಸಿದ.

"ಇದು ಗೆರಿ ಟೈರು. ಡಾಂಬರಿನ ಮ್ಯಾಲ ಬೆಣ್ಣಿಯಂಗ ಹೋಗ್ತದ, ಕೆಸರು ಕಂಡ್ರ ಕೂತ್‌ಬಿಡ್ತದ. ಇದು ಬಟನ್ ಟೈರು. ಕೆಸರಾಗ ಹುಲಿ, ಡಾಂಬರಿನ ಮ್ಯಾಲ ಗುಂಯ್ ಅಂತ ನಡಗ್ತದ. ಇದು ಹೊಸದು ಬಂದದ, ಆಲ್ ಟೆರೇನ್ ಅಂತಾರ. ಅಲ್ಲೂ ಇಲ್ಲೂ ಎರಡೂ ಕಡಿ ನಡೀತದ ಅಂತಾರಪ್ಪ. ನಾ ಕೇಳಿದ್ರ ಗೆರಿ ಟೈರು ಅಂತೀನಿ. ಮೂವತ್ತು ಕಿಲೋಮೀಟರು ಡಾಂಬರ ಅದಲ್ಲ."

"ಸಿಗೇಬೀಳೋದು ಕೊನೀ ಒಂದು ಕಿಲೋಮೀಟರಿನ್ಯಾಗ ಅಲ್ರೀ" ಎಂದ ಹುಲಗೇಶ. "ಬಟನ್ನ ಹಾಕ್ರಿ. ದಪ್ಪಂದು, ಹತ್ತು ಟನ್ ತಡಿಯೋವು."

"ಗುಬ್ಬಿ ಮ್ಯಾಲ ಬ್ರಹ್ಮಾಸ್ತ್ರ" ಎಂದಳು ಹಂಪಮ್ಮ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ವೈಜನಾಥ, ಹುಲಗೇಶ ಇಬ್ಬರೂ ಅರ್ಧ ಗಂಟೆ ಎಳೆದಾಡಿದರು. ಹಂಪಮ್ಮ ಚಹಾ ಮುಗಿಸಿ ಲೋಟ ಕೆಳಗಿಟ್ಟಳು.

"ಡಾಂಬರ ಎಷ್ಟು ಉದ್ದ ಐತಿ ಅಂತ ನೀವು ಹೇಳತೀರಿ. ಕೆಸರ ಎಷ್ಟು ಆಳ ಐತಿ ಅಂತ ಇಂವ ಹೇಳತಾನ. ರೊಟ್ಟಿ ಎಲ್ಲಿ ಮುರಿತೈತಿ ಅನ್ನೋದು ಇಬ್ಬರಿಗೂ ಗೊತ್ತಿಲ್ಲ. ರೊಟ್ಟೀನ ಕೇಳೂಣು ನಡ್ರಿ."

ಅಂಗಡಿಯ ಮುಂದೆ ವೈಜನಾಥನ ಸ್ವಂತ ವ್ಯಾನು ನಿಂತಿತ್ತು, ಅದಕ್ಕೆ ಗೆರೆ ಟೈರು. ಪಕ್ಕದಲ್ಲಿ ಅವನ ಅಳಿಯನ ಜೀಪು, ಅದಕ್ಕೆ ಬಟನ್ ಟೈರು. ಹಿಂದಿನ ಗಲ್ಲಿಯನ್ನು ಪೈಪು ಹಾಕಲೆಂದು ಅಗೆದು, ನಲ್ಲಿ ಒಡೆದು, ತಿಂಗಳಿಂದ ಹಾಗೇ ಬಿಟ್ಟಿದ್ದರು. ಕಲ್ಲು, ಕೆಸರು ಎರಡೂ ಅಲ್ಲಿ ಧಾರಾಳವಾಗಿದ್ದವು. ಹಂಪಮ್ಮ ಮೊದಲ ಬುಟ್ಟಿಯನ್ನು ವ್ಯಾನಿನ ಹಿಂದೆ ಇಟ್ಟು, "ಹತ್ರಿ ಅಣ್ಣಾರ. ಬುಟ್ಟಿ ಉರುಳದಂಗ ಹಿಡಕೊಂಡು ಕೂಡ್ರಿ" ಎಂದಳು. ಮೂವತ್ತು ವರ್ಷದ ವ್ಯಾಪಾರದಲ್ಲಿ ವೈಜನಾಥ ತೊಡೆಯ ಮೇಲೆ ರೊಟ್ಟಿ ಬುಟ್ಟಿ ಇಟ್ಟುಕೊಂಡು ಟೈರು ಪರೀಕ್ಷೆ ಮಾಡಿದ್ದು ಅದೇ ಮೊದಲು. ಆದರೆ ಆಕೆಯ ದನಿಯಲ್ಲಿ ಏನಿತ್ತೋ, ಪಾಪ, ಹತ್ತಿ ಕೂತ. ಸ್ಟೇರಿಂಗ್ ಹುಲಗೇಶ ಹಿಡಿದ.

ಗೆರೆ ಟೈರು ಡಾಂಬರಿನ ಮೇಲೆ ಒಂದು ರೊಟ್ಟಿಯನ್ನೂ ಅಲುಗಿಸಲಿಲ್ಲ. ಗಲ್ಲಿಯ ಕೆಸರಿಗೆ ಇಳಿದದ್ದೇ ತಡ, ಚಕ್ರ ಗರಗರ ತಿರುಗಿ ಹೂತುಕೊಂಡಿತು. ನಾಲ್ವರು ನೂಕಿದಾಗ ಎಗರಿ ಹೊರಬಂತು, ಆ ಒಂದೇ ಎಗರಿಗೆ ಒಂಬತ್ತು ರೊಟ್ಟಿ ಹೋದವು. ಬಟನ್ ಟೈರಿನ ಜೀಪು ಕೆಸರನ್ನು ಲೆಕ್ಕಕ್ಕೇ ಇಡಲಿಲ್ಲ. ಹುಲಗೇಶ ಮೀಸೆ ತಿರುವಿದ. ಆದರೆ ನಾಂಪಲ್ಲಿಯ ತನಕ ಡಾಂಬರಿನ ಮೇಲೆ ಹೋಗಿಬಂದು ನೋಡಿದರೆ, ಸಣ್ಣ ನಡುಕಕ್ಕೇ ಹದಿನಾಲ್ಕು ರೊಟ್ಟಿ ಸೀಳು ಬಿಟ್ಟಿದ್ದವು. ವೈಜನಾಥ ಒಂದು ಮುರಕವನ್ನು ಹಂಪಮ್ಮ ಕೊಟ್ಟ ಹಿಂಡಿಯಲ್ಲಿ ಒತ್ತಿ ಬಾಯಿಗೆ ಹಾಕಿಕೊಂಡು, "ಮುರಿದ್ರೂ ಚಲೋನೇ ಅದ" ಎಂದ.

"ಹಂಗಾದ್ರ ಮೂರನೇದು ಹಾಕ್ರಿ" ಎಂದಳು ಹಂಪಮ್ಮ.

ಪಿಕಪ್ಪಿನ ನಾಲ್ಕೂ ಕಾಲಿಗೆ ಆಲ್ ಟೆರೇನ್ ಏರಿದವು. ಒಮ್ಮೆ ಹಾಕಿ ಓಡಿಸಿದ ಟೈರನ್ನು ಯಾವ ಅಂಗಡಿಯವನೂ ವಾಪಸು ತೆಗೆದುಕೊಳ್ಳುವುದಿಲ್ಲ, ಇನ್ನೊಂದು ಸಲ ಕೊಳ್ಳುವ ತಾಕತ್ತು ಅವಳಿಗಿಲ್ಲ. ಅದನ್ನು ತಿಳಿದೇ ಹಾಕಿಸಿದ್ದಳು. ಹುಲಗೇಶ ಗಾಳಿ ತುಂಬಿಸಿಕೊಂಡು ಬಂದ, ವೈಜನಾಥ ಯಾರೂ ಹೇಳದೆಯೇ ಬುಟ್ಟಿ ಹಿಡಿದು ಕೂತ. ಗಾಡಿ ಡಾಂಬರಿನ ಮೇಲೆ ನಡುಗಲಿಲ್ಲ. ಕೆಸರಿನಲ್ಲಿ ಕೂರಲಿಲ್ಲ. ಎಲ್ಲರೂ ಗೆದ್ದ ಮುಖದಲ್ಲಿ ಇಳಿದು ಬುಟ್ಟಿಯ ಅರಿವೆ ಸರಿಸಿದರೆ, ಹನ್ನೊಂದು ರೊಟ್ಟಿ ಮುರಿದಿದ್ದವು.

ಶುಕ್ರವಾರ ಸಂಜೆ ಗದಿಗೆಮ್ಮ ಕುಂಟುತ್ತ ಎದ್ದು, ಗೂಟಕ್ಕೆ ತೂಗುಹಾಕಿದ, ಬುಟ್ಟಿ ಹೊರುವಾಗ ತಲೆಗಿಡುವ ಹಳೆಯ ಸಿಂಬಿಯನ್ನು ಕೈಗೆ ತೆಗೆದುಕೊಳ್ಳುವುದು ಹಂಪಮ್ಮನ ಕಣ್ಣಿಗೆ ಕಟ್ಟಿತು. ಒಂದು ಗಳಿಗೆ ಅಷ್ಟೇ. ಆಮೇಲೆ ಸೆರಗು ಸಿಗಿಸಿಕೊಂಡು ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ಹಿಟ್ಟು ನಾದಿದ ಮೇಲೆ ಹದ ನೋಡುವ ಹಾಗೆ ಅಂಗೈ ಊರಿ ಟೈರಿನ ಪಕ್ಕೆ ಒತ್ತಿದಳು. ಟೈರು ಜಪ್ಪಯ್ಯ ಎನ್ನಲಿಲ್ಲ.

"ಹುಲಗೇಶ, ಇದು ಟೈರೋ, ಬೀಸೋ ಕಲ್ಲೋ? ಎಷ್ಟು ಗಾಳಿ ತುಂಬಿಸೀದಿ?"

"ಅರವತ್ತು ಪೌಂಡ್. ಪಿಕಪ್ ಅಂದಮ್ಯಾಲ ಅರವತ್ತ ಅಲ್ಲೇನು?"

ಹುಟ್ಟುಗುಣ ಸುಟ್ಟರೂ ಹೋಗದು. ಆರು ವರ್ಷ ಉಸುಕು ಹೇರಿದವನ ಕೈ, ಗಾಳಿಯ ಪೈಪು ಕಂಡರೆ ತಾನಾಗಿಯೇ ಅರವತ್ತಕ್ಕೆ ಹೋಗಿ ನಿಲ್ಲುತ್ತಿತ್ತು. ಉಸುಕಿನ ಹಾದಿಯಲ್ಲಿ ಬೆಳೆದ ಚಾಲಕರೆಲ್ಲರದೂ ಅದೇ ಶಾಸ್ತ್ರ. ವೈಜನಾಥ ಹಣೆ ಹಣೆ ಬಡಿದುಕೊಂಡ.

"ತಪ್ಪು ನಂದೂ ಅದರಿ ಅಕ್ಕೋರೆ. ಹಳೇ ಟೈರು ನೋಡಿ ಗಾಳಿ ಹೆಚ್ಚಾಗೇದ ಅಂತ ಹೇಳಿದಂವ ನಾನೇ, ಹೊಸದಕ್ಕ ಅಷ್ಟೇ ತುಂಬಿಸೋದು ನೋಡಿ ಸುಮ್ಮನಿದ್ದಂವನೂ ನಾನೇ. ಭಾರ ಇಲ್ಲದ ಪಿಕಪ್ ನನ್ನ ಅಂಗಡಿಗೆ ಇವತ್ತಿನ ತನಕ ಬಂದಿದ್ದಿಲ್ಲ."

"ಗಾಳಿ ಇಳಿಸಿದ್ರ ಟೈರ್ ಬಿಸಿ ಆಗಿ ಒಡೀತೈತಿ ಯಕ್ಕಾ" ಎಂದ ಹುಲಗೇಶ.

"ಉಸುಕು ಹೇರಿದ್ರ ಒಡೀತದ. ಮೂರು ಕ್ವಿಂಟಲಿಗೆ ಏನಾಗ್ತದ?" ಎಂದ ವೈಜನಾಥ.

ಹಂಪಮ್ಮ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, "ಬಿಡು ಗಾಳಿ" ಎಂದಳು. ಹುಲಗೇಶ ಮುಖ ಗಂಟಿಕ್ಕಿಕೊಂಡು ಬಿಟ್ಟ. ಸುಸ್ಸೆಂದು ಗಾಳಿ ಹೋಗುತ್ತಿರುವಾಗ ಅವಳ ಅಂಗೈ ಟೈರಿನ ಮೇಲೆಯೇ ಇತ್ತು. ಜೋಳದ ಹಿಟ್ಟು ಬಿರುಸಾದರೆ ರೊಟ್ಟಿಯ ಅಂಚು ಒಡೆಯುತ್ತದೆ, ಸಡಿಲಾದರೆ ಹಂಚಿಗೆ ಏರುವುದೇ ಇಲ್ಲ. ನಡುವೆ ಒಂದು ಹದವಿದೆ, ಅದನ್ನು ಬಾಯಿಯಲ್ಲಿ ಹೇಳಲಾಗದು. "ಇನ್ನೂ... ಇನ್ನೊಂಚೂರು... ಸಾಕ." ವೈಜನಾಥ ಮೀಟರು ಹಚ್ಚಿ ನೋಡಿ, ಮತ್ತೊಮ್ಮೆ ನೋಡಿ, "ಮೂವತ್ನಾಲ್ಕು" ಎಂದ. "ನಾ ಮೂವತ್ತೈದು ಅನ್ನಾವ ಇದ್ದೆ."

ಉಳಿದ ಮೂರು ಟೈರಿಗೂ ಅಷ್ಟೇ ಗಾಳಿ ಇಟ್ಟು, ಮುರಿಯದೆ ಉಳಿದಿದ್ದ ಹತ್ತೊಂಬತ್ತು ರೊಟ್ಟಿಯನ್ನೇ ಅದೇ ಗಲ್ಲಿ, ಅದೇ ಡಾಂಬರು ಸುತ್ತಿಸಿಕೊಂಡು ಬಂದರು. ಹತ್ತೊಂಬತ್ತೂ ಇಡಿಯಾಗಿದ್ದವು. ಹಂಪಮ್ಮ ಅವನ್ನು ಬುಟ್ಟಿಸಮೇತ ವೈಜನಾಥನ ಮನೆಗೆ ಕೊಟ್ಟಳು. ಉಪ್ಪಲ್ ತಲುಪಿ ಇಳಿಯುವಾಗ ಹುಲಗೇಶ, "ಸ್ಟೇರಿಂಗ್ ಕುಣಿಯೋದು ನಿಂತೈತಿ, ಅದೂ ಖರೇನ" ಎಂದ.

ಗುರುವಾರ ಸಂಜೆ ಜೋರು ಮಳೆ ಹೊಡೆಯಿತು. ಶುಕ್ರವಾರ ಒಂಬತ್ತೂವರೆಗೆ ಗಾಡಿ ಹೊರಟಾಗ ಗದಿಗೆಮ್ಮ, ಬುಟ್ಟಿ ಕಾಯುತ್ತೇನೆಂದು ಹಟ ಹಿಡಿದು ಹಿಂದೆ ಹತ್ತಿ ಕೂತಳು. ಬೇಗಂಪೇಟೆಯಲ್ಲಿ ಗಾಡಿಗಳು ಇರುವೆಸಾಲಿನಂತೆ ನಿಂತಿದ್ದವು. ಕೊರಳಿಗೆ ಕಾರ್ಡು ಹಾಕಿಕೊಂಡ ಹುಡುಗರು ತುಂಬಿದ ಕ್ಯಾಬುಗಳು ಎಡಕ್ಕೂ ಬಲಕ್ಕೂ ಹಾರನ್ ಬಾರಿಸುತ್ತಿದ್ದವು. ಹನ್ನೊಂದೂವರೆಗೆ ಡಾಂಬರು ಮುಗಿಯಿತು. ಅಲ್ಲಿಂದ ಮುಂದೆ ನೋಡಿದರೆ, ಇರುವ ಒಂದೇ ಹಾದಿಗೆ ಅಡ್ಡಲಾಗಿ ನೀರಿನ ಟ್ಯಾಂಕರೊಂದು ಅಚ್ಚಿನ ತನಕ ಹೂತು ನಿಂತಿತ್ತು. ಎಡಕ್ಕೆ ಸಿಡಿಸಿದ ಬಂಡೆಯ ಚೂರು, ಬಲಕ್ಕೆ ಮೊಣಕಾಲುದ್ದದ ಕೆಂಪು ರಾಡಿ.

"ಎಡಕ್ಕ ಹೋಗಿ, ಟ್ಯಾಂಕರ್ ದಾಟಿದ ಮ್ಯಾಲ ಬಲಕ್ಕ ರಾಡಿಯಾಗ ಇಳಿ, ಅದರಾಚೆ ನೆಲ ಗಟ್ಟಿ ಐತಿ" ಎಂದಳು ಹಂಪಮ್ಮ.

ಹುಲಗೇಶನ ಕಾಲು ರೂಢಿಯಂತೆ ಎಕ್ಸಲರೇಟರ್ ಒದೆಯಲು ಹೋಯಿತು. "ನಿಧಾನ. ನೀ ಉಸುಕಿನ್ಯಾಗಿಲ್ಲ. ಟೈರಿನ ಕೆಲಸ ಟೈರಿಗೆ ಮಾಡಾಕ ಬಿಡು" ಎಂದಳು ಅಕ್ಕ. ಗಾಡಿ ಬಸುರಿಯಂತೆ ಹೆಜ್ಜೆ ಇಡುತ್ತ ಕಲ್ಲಿನ ಮೇಲೆ ಏರಿತು. ಟೈರು ಚೂಪುಗಲ್ಲನ್ನು ತಬ್ಬಿ ತಬ್ಬಿ ಬಿಟ್ಟಿತು. ರಾಡಿಗೆ ಇಳಿದಾಗ ಹಿಂದಿನ ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿತು. ಆಮೇಲೆ ಟೈರಿನ ಹಲ್ಲುಗಳು ನೆಲವನ್ನು ಕಚ್ಚಿಕೊಂಡವು, ಗಾಡಿ ಮೆಲ್ಲಗೆ ದಾಟಿ ಗಟ್ಟಿನೆಲಕ್ಕೆ ಬಂತು. ಟ್ಯಾಂಕರಿನ ಚಾಲಕ ಬಾಯಿಬಿಟ್ಟುಕೊಂಡು ನೋಡುತ್ತ ನಿಂತಿದ್ದ.

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ತಾಯಪ್ಪ ಒಂದೊಂದೇ ಬುಟ್ಟಿಯ ಅರಿವೆ ಎತ್ತಿ, ರೊಟ್ಟಿ ಪೇರಿಸಿದ ಥಪ್ಪಿಯ ನಡುವೆ ಕೈಹಾಕಿ ನೋಡುತ್ತ ಹೋದ. ಸಾವಿರದ ಇನ್ನೂರರಲ್ಲಿ ಮುರಿದದ್ದು ಆರು. ಅದಕ್ಕೂ ರಸ್ತೆ ಕಾರಣವಲ್ಲ. ಬುಟ್ಟಿ ಕಾಯಲು ಕೂತಿದ್ದ ಗದಿಗೆಮ್ಮ ಬೇಗಂಪೇಟೆಯ ನಂತರ ಬುಟ್ಟಿಗೇ ಒರಗಿ ನಿದ್ದೆಹೋಗಿದ್ದಳು, ಟ್ಯಾಂಕರು ದಾಟಿದ್ದೂ ಆಕೆಗೆ ಗೊತ್ತಾಗಿರಲಿಲ್ಲ.

"ಆ ಆರು ನನಗ ಕೊಡು" ಎಂದ ತಾಯಪ್ಪ, ನಗುತ್ತ.

ನಾನೂರು ಜನ ಎಡ ಅಂಗೈ ಚಾಚಿಕೊಂಡು ಸಾಲಾಗಿ ಬಂದರು. ಎಲ್ಲರ ತಾಟೂ ದುಂಡಗಿತ್ತು. ಉಣ್ಣುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ತಾಯಪ್ಪ ಹಂಪಮ್ಮನ ಹತ್ತಿರ ಬಂದ.

"ನಾಳಿಂದ ದಿನಾ ತಾ. ಮಗ್ಗಲ ಕಟ್ಟಡದ ಮುನ್ನೂರು ಮಂದೀನೂ ಕೇಳಾಕತ್ತಾರ. ಆಗತೈತೇನು?"

"ಆಗದ ಏನು? ಬಡಿಯೋ ಕೈ ಇನ್ನೊಂದು ಆರು ಬೇಕು, ಅಷ್ಟ."

ಆ ಮಾತು ಕೇಳಿದ್ದೇ ಗದಿಗೆಮ್ಮ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಕಟ್ಟಡದ ನೆರಳಿನಲ್ಲಿ ಹೆಂಗಸರೆಲ್ಲ ಒಂದು ಕಡೆ ಉಣ್ಣುತ್ತ ಕೂತಿದ್ದರು. ಸಿಂಬಿ, ಬುಟ್ಟಿ ಪಕ್ಕದಲ್ಲಿದ್ದವು. ಅವರ ಮುಂದೆ ನಿಂತು ದನಿಯೆತ್ತಿ ಕೇಳಿದಳು.

"ಏ ಯವ್ವಾ, ನಿಮ್ಮೊಳಗ ರೊಟ್ಟಿ ಬಡಿಯಾಕ ಯಾರಿಗೆ ಬರತೈತಿ? ಈ ಬುಟ್ಟಿ ಬಿಟ್ಟು ನಮ್ಮ ಕೂಡ ಬರೋರು ಕೈ ಎತ್ರಿ."

ರಾಯಚೂರು ಯಾದಗಿರಿಯ ಹೆಂಗಸರನ್ನು ಕೇಳುವ ಪ್ರಶ್ನೆಯೇ ಅದು? ಒಂದು ಗಳಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಒಂದು ಕೈ ಎದ್ದಿತು. ಆಮೇಲೆ ನಾಲ್ಕು, ಹತ್ತು. ಎಡಗೈಯಲ್ಲಿ ರೊಟ್ಟಿ ಹಿಡಿದವರು ಎಂಜಲು ಬಲಗೈಯನ್ನೇ ಎತ್ತಿದರು. ಸಿಮೆಂಟಿನ ಧೂಳು ಮೊಣಕೈ ತನಕ ಮೆತ್ತಿದ ಎಪ್ಪತ್ತು ಕೈಗಳು. ಎತ್ತದವರು ಒಬ್ಬರೂ ಇರಲಿಲ್ಲ. ಹಿಂದೆ ಕೂತಿದ್ದ, ಗದಿಗೆಮ್ಮನಿಗಿಂತಲೂ ಹಿರಿಯಳಾದ ಒಬ್ಬ ಮುದುಕಿ, ಎಲ್ಲಿ ತಾನು ಕಾಣಿಸದೆ ಹೋಗುತ್ತೇನೋ ಎಂದು ರೊಟ್ಟಿಯನ್ನು ಮಡಿಲಿಗೆ ಹಾಕಿಕೊಂಡು ಎರಡೂ ಕೈ ಎತ್ತಿದ್ದಳು.

ಗದಿಗೆಮ್ಮ ತಿರುಗಿ ಹಂಪಮ್ಮನನ್ನು ನೋಡಿದಳು.

ಆರು ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದೆನಲ್ಲ ಎಂದು ಹಂಪಮ್ಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕಣ್ಣು ಒರೆಸಿಕೊಂಡು ತಮ್ಮನನ್ನು ಕರೆದಳು.

"ಹುಲಗೇಶ, ಇನ್ನೊಂದು ಪಿಕಪ್ ಎಲ್ಲಿ ಮಾರಾಟಕ್ಕೈತಿ, ನೋಡು."

"ಯಕ್ಕಾ, ಇದಕ್ಕ ಟೈರ್ ಹಾಕಿ ಇನ್ನ ಎರಡು ದಿನ ಆಗಿಲ್ಲ."

"ನೋಡು ಅಂದೆ. ಗಾಡಿ ನೀ ನೋಡು, ಟೈರು ನಾ ನೋಡಕೊಂತೀನಿ."

ಹಾಗೆ ಹೇಳಿ ಸಾಲಿನ ಕೊನೆಗೆ ನಡೆದು, ಇನ್ನೂ ಎರಡೂ ಕೈ ಎತ್ತಿಕೊಂಡೇ ಕೂತಿದ್ದ ಮುದುಕಿಯ ಎದುರು ಕುಳಿತು, ಮೊದಲು ಆಕೆಯ ಹೆಸರು ಕೇಳಿದಳು.